ಕಟ್ಟದ ಗೋಡೆಗೆ ಹಾಕಿದ ಹಾರ

ಗೋಡೆ ಬಿರುಕು ಬಿಟ್ಟರೆ ಗಾರೆ ಕೆಲಸದವರು ಅದರ ಮೇಲೆ ಮೊದಲು ಒಂದು ಸಿಮೆಂಟಿನ ಬೊಟ್ಟು ಇಡುತ್ತಾರೆ. ಅಂಗೈಯಗಲ, ತೆಳ್ಳಗೆ, ಬಿರುಕಿನ ಎರಡೂ ಕಡೆಗೆ ಕಚ್ಚಿಕೊಳ್ಳುವ ಹಾಗೆ. ಬೊಟ್ಟು ಹಾಗೇ ಉಳಿದರೆ ಬಿರುಕು ಹಳೆಯದು, ಮನೆ ಕೂತು ಸುಮ್ಮನಾಗಿದೆ ಎಂದು ಅರ್ಥ. ಬೊಟ್ಟು ಸೀಳಿದರೆ ಮನೆ ಇನ್ನೂ ಜರುಗುತ್ತಿದೆ. ರಾಜಾಜಿನಗರ, ಬಸವೇಶ್ವರನಗರದ ಎಷ್ಟೋ ಹಳೆಯ ಮನೆಗಳಿಗೆ ಹೀಗೆ ಬೊಟ್ಟಿಟ್ಟು, "ಒಂದು ಮಳೆಗಾಲ ನೋಡಿ ಸಾರ್" ಎಂದು ಹೇಳಿ ಬಂದಿದ್ದೇನೆ. ನನ್ನ ಮನೆಯ ಹಿಂದಿನ ಕೋಣೆಗೇ ಬೊಟ್ಟಿಡುವ ದಿನ ಬರುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

ಮನೆ ಮಲ್ಲತ್ತಹಳ್ಳಿಯಲ್ಲಿ, ಕೆರೆಯಿಂದ ಕೆಳಗಿನ ಇಳಿಜಾರಿನಲ್ಲಿದೆ. ನಮ್ಮ ಸಾಲಿನ ಮನೆಗಳ ಮುಖ ರಸ್ತೆಗೆ, ಬೆನ್ನು ಮಳೆನೀರು ಹರಿಯುವ ರಾಜಕಾಲುವೆಗೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದವನು. ವಾರವಿಡೀ ಬೇರೆಯವರ ಮನೆ ಕಟ್ಟಿ, ಭಾನುವಾರ ನನ್ನದನ್ನು ಕಟ್ಟಿದೆ. ಕಲಸಿದವಳು ಹೆಂಡತಿ, ಕಟ್ಟಿದವನು ನಾನು. ಆ ಮನೆಗೆ ಒಂದು ಇಟ್ಟಿಗೆಯನ್ನೂ ಹೊರಗಿನವರ ಕೈಯಿಂದ ಇಡಿಸಲಿಲ್ಲ. ಕಂದಾಯ ಒಂದು ವರ್ಷವೂ ತಪ್ಪಿಸಲಿಲ್ಲ. ಯಾವ ಆಫೀಸಿನ ಮೆಟ್ಟಿಲನ್ನೂ ಕೆಲಸ ಮಾಡಿಕೊಡಿ ಎಂದು ಹತ್ತಿದವನಲ್ಲ. ಅದು ನನ್ನ ಹೆಮ್ಮೆಯಾಗಿತ್ತು, ಈಗಲೂ ಅರ್ಧ ಹಾಗೇ ಇದೆ.

ಹೋದ ಮಳೆಗಾಲದ ಕೊನೆಯಲ್ಲಿ ಕಾಲುವೆಯ ಹಳೆಯ ಕಲ್ಲುಗೋಡೆ ನಮ್ಮ ಹಿತ್ತಿಲ ಹಿಂದೆ ಜಾರಿ ಬಿತ್ತು. ಅಲ್ಲಿಂದ ಮುಂದೆ ನೀರು ಬಂದಾಗಲೆಲ್ಲ ಮಣ್ಣನ್ನು ಕಚ್ಚಿಕೊಂಡು ಹೋಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ನಾನು ಕೈಯಾರೆ ಹೂತಿದ್ದ ಪಾಯದ ಕಲ್ಲು ಬೆಳಕಿಗೆ ಬಂದಿತ್ತು. ಸತ್ತವರ ಹಲ್ಲು ಕಂಡ ಹಾಗೆ ಕಂಡಿತು ನನಗೆ. ಕೋಣೆಯೊಳಗೆ ಬಂದು ನೋಡಿದರೆ ಮೂಲೆಯಲ್ಲಿ ಬಿರುಕು. ಬೊಟ್ಟಿಟ್ಟೆ. ಮುಂಗಾರಿಗೆ ಮುಂಚೆ ಅಲ್ಲಿ ಒಂದು ಗೋಡೆ ಏಳದಿದ್ದರೆ ಮೊದಲು ಹಿಂದಿನ ಕೋಣೆ ಹೋಗುತ್ತದೆ, ಅದರ ಹಿಂದೆ ಉಳಿದದ್ದೂ ಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗೋಡೆ ಕಟ್ಟುವುದು ನನ್ನ ಕಸುಬು. ಒಂದು ಲೋಡು ಸೈಜುಗಲ್ಲು ತರಿಸಿ ಮನೆ ಪಕ್ಕಕ್ಕೆ ಇಳಿಸಿದೆ. ಗೋಡೆಯ ನೇರಕ್ಕೆ ದಾರ ಕಟ್ಟುತ್ತಿದ್ದಾಗ ವಾರ್ಡ್ ಆಫೀಸಿನವನೊಬ್ಬ ಬೈಕಿನಲ್ಲಿ ಬಂದು ನಿಂತ.

"ಏನಣ್ಣ ಇದು?"

"ಗೋಡೆ ಕಟ್ತಾ ಇದೀನಿ."

"ಕಾಲುವೆ ಒಳಗಾ?"

"ಕಾಲುವೆ ನನ್ನ ಮನೆ ಒಳಕ್ಕೆ ಬರ್ತಾ ಇದೆ ಸ್ವಾಮಿ. ನೀವು ಕಟ್ಟಲ್ಲ, ನಾನು ಕಟ್ಕೋತೀನಿ. ನಿಮಗೇನು ನಷ್ಟ?"

"ಕಟ್ಟಿದ್ರೆ ಒತ್ತುವರಿ ಕೇಸ್ ಆಗತ್ತೆ ಅಣ್ಣ. ಕಲ್ಲೂ ಹೋಗತ್ತೆ, ನೀನೂ ಹೋಗ್ತೀಯ. ಪಾಲಿಕೆ ಆ್ಯಪ್‌ನಲ್ಲಿ ಕಂಪ್ಲೇಂಟ್ ಹಾಕು" ಎಂದು ಹೇಳಿ, ದಾರವನ್ನು ತಾನೇ ಬಿಚ್ಚಿ ನನ್ನ ಕೈಗೆ ಕೊಟ್ಟು ಹೋದ.

ಕಂಪ್ಲೇಂಟ್ ಹಾಕಿದವಳು ನನ್ನ ಹೆಂಡತಿ. ಅವಳು ಎಸ್ಸೆಸ್ಸೆಲ್ಸಿ. ಫೋಟೋ ತೆಗೆದು, ಒತ್ತಿ, ನಂಬರ್ ಬಂತು ಎಂದು ತೋರಿಸಿದಳು. ನನಗೆ ಆ ನಂಬರಿನ ಮೇಲೆ ನಂಬಿಕೆ ಹುಟ್ಟಲಿಲ್ಲ. ನಮ್ಮ ಬೀದಿಯಲ್ಲಿ ಕೆಲಸ ಆಗುತ್ತಿದ್ದ ದಾರಿ ಬೇರೆಯೇ ಇತ್ತು. ಆ ದಾರಿ ಮೂಲೆಯ ದಿನಸಿ ಅಂಗಡಿಯಿಂದ ಶುರುವಾಗುತ್ತಿತ್ತು.

ಅಂಗಡಿಯ ಯಜಮಾನರೇ ನಮ್ಮ ಬೀದಿಯ ಸಂಘದ ಅಧ್ಯಕ್ಷರು. ಗಣೇಶನ ಪೆಂಡಾಲಿಂದ ಹಿಡಿದು ಸಾವಿನ ಮನೆಯ ಶಾಮಿಯಾನದವರೆಗೆ ಎಲ್ಲ ಅವರ ಕೈಯಲ್ಲೇ. ನನಗೆ ಈ ಸೈಟು ತೋರಿಸಿ, ಮಾರುವವರ ಹತ್ತಿರ ಮಾತಾಡಿ ಕೊಡಿಸಿದವರೂ ಅವರೇ. ಅವರಿಗೆ ಗೊತ್ತಿದ್ದವರು ನಮ್ಮ ಭಾಗದ ಮಾಜಿ ಸದಸ್ಯರು. ಪಾಲಿಕೆಗೆ ಚುನಾವಣೆ ನಡೆಯದೆ ವರ್ಷಗಳೇ ಆಗಿವೆ. ಅವರು ಈಗ ಯಾವುದರ ಸದಸ್ಯರೂ ಅಲ್ಲ. ಆದರೂ ಬೀದಿಯವರಿಗೆಲ್ಲ ಅವರು 'ಅಣ್ಣ'. ಅವರು ಫೋನ್ ಮಾಡಿದರೆ ಬೀದಿ ದೀಪ ಹತ್ತುತ್ತದೆ ಎಂದು ನಾವು ನಂಬಿದ್ದೆವು. ಹತ್ತಿದ್ದೂ ಉಂಟು.

ಅದಕ್ಕೆ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಕೆಲಸ ಆಗುವ ಮೊದಲೇ ಸನ್ಮಾನ ಮಾಡುವುದು. ದೇವರಿಗೆ ಹರಕೆ ಕಟ್ಟಿದರೆ ಕೆಲಸ ಆದ ಮೇಲೆ ತೀರಿಸುತ್ತೇವೆ. ಮನುಷ್ಯರಿಗೆ ಹಾಗಲ್ಲ, ಮೊದಲೇ ತೀರಿಸಿಬಿಡಬೇಕು. ಮೊದಲೇ ಹಾರ ಹಾಕಿಸಿಕೊಂಡವರು ಆಮೇಲೆ ತಪ್ಪಿಸಿಕೊಳ್ಳುವುದು ಕಷ್ಟ ಎಂಬುದು ಅಧ್ಯಕ್ಷರ ಲೆಕ್ಕಾಚಾರ. ಬೀದಿ ದೀಪಕ್ಕೂ ಹಾಗೇ ಮಾಡಿದ್ದೆವು. ಬೋರ್‌ವೆಲ್‌ಗೂ ಹಾಗೇ. ಎರಡೂ ಆಗಿದ್ದವು.

"ಶ್ರೀರಾಮನವಮಿಗೆ ಪಾನಕ ಹಂಚ್ತೀವಲ್ಲ, ಅವತ್ತೇ ಅಣ್ಣನ್ನ ಕರೆಸಿ ಪೇಟ ತೊಡಿಸಿಬಿಡಣ" ಎಂದರು ಅಧ್ಯಕ್ಷರು. "ಒಂದು ಫ್ಲೆಕ್ಸ್ ಹೊಡೆಸಣ. ತಡೆಗೋಡೆ ಕಟ್ಟಿಸಿಕೊಟ್ಟ ನಾಯಕರಿಗೆ ಅಭಿನಂದನೆ ಅಂತ."

"ಕಟ್ಟಿಸಿಲ್ವಲ್ಲ ಯಜಮಾನ್ರೇ."

"ಕಟ್ಟಿಸಿಕೊಡಿ ಅಂತ ಹಾಕಿದ್ರೆ ಅದು ಅರ್ಜಿ ಆಗತ್ತೆ ಕಣಯ್ಯ. ಅರ್ಜಿ ಯಾರು ಓದ್ತಾರೆ? ಕಟ್ಟಿಸಿಕೊಟ್ಟ ಅಂತ ಹಾಕಿದ್ರೆ ಅದು ಮರ್ಯಾದೆ. ಮರ್ಯಾದೆ ಉಳಿಸ್ಕೊಳಕ್ಕೆ ಮಾಡ್ಲೇಬೇಕು."

ನನಗೆ ಸರಿ ಎನ್ನಿಸಿತು. ಸುಳ್ಳು ಹೇಳುವುದೇಕೆ, ತುಂಬ ಸರಿ ಎನ್ನಿಸಿತು. ಫ್ಲೆಕ್ಸಿನ ಕೆಳಗಡೆ ಸಂಘದವರ ಚಿಕ್ಕ ಫೋಟೋಗಳ ಸಾಲಿನಲ್ಲಿ ನನ್ನದೂ ಇತ್ತು, ಕೈ ಮುಗಿದುಕೊಂಡು. ನನ್ನ ಮುಖ ಬೀದಿಯಲ್ಲಿ ನಿಂತದ್ದು ಅದೇ ಮೊದಲು. ಕೆಲಸಕ್ಕೆ ಹೋಗುವಾಗ ಸ್ಕೂಟರ್ ನಿಧಾನ ಮಾಡಿ ಒಂದು ಸಲ ನೋಡಿಕೊಂಡೇ ಹೋಗುತ್ತಿದ್ದೆ. ರಾಮನವಮಿಯ ದಿನ ಅಣ್ಣನಿಗೆ ಮೈಸೂರು ಪೇಟ ತೊಡಿಸಿದವನೂ ನಾನೇ. ಅವರು ನನ್ನ ಭುಜ ತಟ್ಟಿ, "ನೋಡಣ ಮೇಸ್ತ್ರಿ, ಪ್ರಯತ್ನ ಮಾಡ್ತೀನಿ" ಎಂದು ಹೇಳಿ, ಕೋಸಂಬರಿ ತಿಂದು, ಪಾನಕ ಕುಡಿದು ಹೋದರು. ಫ್ಲೆಕ್ಸನ್ನು ನಮ್ಮ ಮನೆ ಮುಂದಿನ ಕಂಬಕ್ಕೆ ಕಟ್ಟಿದೆವು. ಗೋಡೆ ಅಲ್ಲೇ ಹಿಂದೆ ತಾನೇ ಬರಬೇಕಿದ್ದದ್ದು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಹೆಂಡತಿ ಫೋನು ಹಿಡಿದುಕೊಂಡು ಹಿತ್ತಿಲಿಗೆ ಬಂದಳು.

"ರೀ, ಕಂಪ್ಲೇಂಟ್ ಮುಗಿದೋಯ್ತಂತೆ."

"ಏನಂತೆ?"

"ಕಾಮಗಾರಿ ಪೂರ್ಣಗೊಂಡಿದೆ ಅಂತ ಬಂದಿದೆ."

ನಾವಿಬ್ಬರೂ ನಿಂತಿದ್ದದ್ದು ಕುಸಿದ ದಂಡೆಯ ತುದಿಯಲ್ಲಿ. ಅವಳು ಒಂದು ಸಲ ಫೋನು ನೋಡಿದಳು, ಒಂದು ಸಲ ಕಾಲಡಿ ನೋಡಿದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ಅವತ್ತು ಸಂಜೆ ವರ್ಷದ ಮೊದಲ ಮಳೆ ಬಂತು. ದೊಡ್ಡದೇನಲ್ಲ, ಧೂಳು ಅಡಗಿಸುವ ಮಳೆ. ಬೆಳಿಗ್ಗೆ ಎದ್ದು ಕೋಣೆಯ ಮೂಲೆಗೆ ಹೋದೆ. ಬೊಟ್ಟು ನಡು ಮಧ್ಯಕ್ಕೆ ಸೀಳಿತ್ತು.

ನಾನು ವಾರ್ಡ್ ಆಫೀಸಿನ ಮೆಟ್ಟಿಲು ಹತ್ತಿದ್ದು ಅವತ್ತು. ಬಿಳಿ ಶರ್ಟು ಹಾಕಿಕೊಂಡು ಹೋಗಿದ್ದೆ. ಇಂಜಿನಿಯರ್ ಮೇಡಂ ನನ್ನ ಮಗಳ ವಯಸ್ಸಿನವರು. ಮೇಜಿನ ತುಂಬ ಫೈಲು, ಮೂಲೆಯಲ್ಲಿ ಅರ್ಧ ತಿಂದ ಚಿತ್ರಾನ್ನದ ಡಬ್ಬಿ. ನಂಬರ್ ಹೇಳಿದೆ. ಕಂಪ್ಯೂಟರ್ ನೋಡಿದರು.

"ಇದು ಮುಗಿದಿದೆಯಲ್ಲ."

"ಎಲ್ಲಿ ಮುಗಿದಿರೋದು ಮೇಡಂ? ಪಾಯ ಕಾಣ್ತಾ ಇದೆ."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಫೋಟೋದಲ್ಲಿ ನಮ್ಮ ಕಂಬ, ಹಿಂದೆ ನಮ್ಮ ಗೇಟು, ನಡುವೆ ಫ್ಲೆಕ್ಸು. ತಡೆಗೋಡೆ ನಿರ್ಮಿಸಿಕೊಟ್ಟ ನಮ್ಮ ನೆಚ್ಚಿನ ನಾಯಕರಿಗೆ ಹೃತ್ಪೂರ್ವಕ ಅಭಿನಂದನೆಗಳು.

"ಸ್ಥಳ ನೋಡಕ್ಕೆ ಹೋದ ಹುಡುಗ ಬೋರ್ಡ್ ನೋಡಿದಾನೆ, ಫೋಟೋ ಹೊಡೆದಿದಾನೆ, ಬಂದಿದಾನೆ. ಹಿಂದೆ ಹೋಗಿ ನೋಡ್ಬೇಕಿತ್ತು, ಅದು ನಮ್ಮ ತಪ್ಪೇ. ಆದ್ರೆ ನೀವು ಇದನ್ನ ಯಾಕೆ ಹಾಕಿದ್ರಿ? ಫ್ಲೆಕ್ಸ್ ಹಾಕೋದೇ ಕಾನೂನಿಗೆ ವಿರುದ್ಧ, ಅದು ಬೇರೆ." ಆಮೇಲೆ ಫೋಟೋವನ್ನು ದೊಡ್ಡದು ಮಾಡಿದರು. "ಇದು ನೀವೇ ಅಲ್ವಾ?"

ಪರದೆಯ ತುಂಬ ನಾನು, ಕೈ ಮುಗಿದುಕೊಂಡು.

"ಹೌದು ಮೇಡಂ."

"ಕಟ್ಟದೇ ಇರೋದಕ್ಕೆ ಯಾಕ್ರೀ ಥ್ಯಾಂಕ್ಸ್ ಹೇಳ್ತೀರ?"

"ಹೇಳಿದ್ರೆ ಕಟ್ತಾರೆ ಅಂತ."

ಅವರು ನಗಲಿಲ್ಲ. ನಕ್ಕಿದ್ದರೆ ನಾನು ಎದ್ದು ಹೋಗುತ್ತಿದ್ದೆನೋ ಏನೋ. ಒಂದು ಹಳೆಯ ಕಾಗದದ ಹಿಂಭಾಗ ತೆಗೆದುಕೊಂಡು ಗೆರೆ ಎಳೆದರು. "ನೋಡಿ, ಇದು ನಿಮ್ಮ ರಸ್ತೆ. ರಸ್ತೆ, ರಸ್ತೆ ಪಕ್ಕದ ಚರಂಡಿ ನಂದು. ಒಳಚರಂಡಿ ನೀರಿನ ಇಲಾಖೆಯವರದು. ಮೇಲಿನ ಕೆರೆಗೆ ಬೇರೆ ವಿಭಾಗ. ನಿಮ್ಮ ಹಿಂದೆ ಇರೋದು ರಾಜಕಾಲುವೆ. ಅದಕ್ಕೂ ಬೇರೇನೇ ವಿಭಾಗ, ಬೇರೆ ಇಂಜಿನಿಯರು. ನೀವು ಇಲ್ಲಿ ಬಂದು ಅತ್ರೂ ಅಲ್ಲಿ ಒಂದು ಕಲ್ಲಿಡೋ ಅಧಿಕಾರ ನಂಗಿಲ್ಲ."

ಇಷ್ಟು ದಿನ ನನಗೆ ಸರ್ಕಾರ ಎಂದರೆ ಒಂದೇ ಗೋಡೆ. ಬಾಗಿಲು ಎಲ್ಲಿದೆ ಎಂದು ಅಣ್ಣನಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಮೇಡಂ ಗೆರೆ ಎಳೆದಾಗ ಅದು ನಮ್ಮ ಕಟ್ಟಡದ ಸೈಟಿನ ಹಾಗೇ ಕಂಡಿತು. ಕರೆಂಟಿನವನನ್ನು ಹಿಡಿದು ಬಾಗಿಲು ಯಾಕೆ ವಾಲಿದೆ ಎಂದು ಬೈದರೆ ಬಾಗಿಲು ನೆಟ್ಟಗಾಗುವುದಿಲ್ಲ. ಬಡಗಿಯನ್ನು ಹುಡುಕಬೇಕು.

"ಆ ಇಂಜಿನಿಯರ್‌ನ ಎಲ್ಲಿ ಹುಡುಕಲಿ ಮೇಡಂ?"

"ಹುಡುಕೋದು ಬೇಡ. ಈ ಶನಿವಾರ ಮೇಲ್ಗಡೆ ಹಾಲ್‌ನಲ್ಲಿ ವಾರ್ಡ್ ಸಮಿತಿ ಸಭೆ ಇದೆ. ಯಾರು ಬೇಕಾದ್ರೂ ಬಂದು ಕೂತ್ಕೋಬಹುದು. ಅವ್ರೂ ಬರ್ತಾರೆ. ಮಳೆಗೆ ಮುಂಚೆ ಆಗಬೇಕಾದ ತುರ್ತು ಕೆಲಸ ಯಾವ್ಯಾವುದು ಅಂತ ಅವತ್ತೇ ತೀರ್ಮಾನ. ಎದ್ದು ನಿಂತು ಹೇಳಿ, ನಡಾವಳಿಯಲ್ಲಿ ಬರೀರಿ ಅಂತ ಕೇಳಿ. ಆ ಬೋರ್ಡ್ ಸುಳ್ಳು ಅಂತಾನೂ ನೀವೇ ಹೇಳ್ಬೇಕಾಗತ್ತೆ. ಇಲ್ದಿದ್ರೆ ಮುಗಿದಿರೋ ಕೆಲಸ ಅಂತ ಪಕ್ಕಕ್ಕಿಡ್ತಾರೆ." ಪೆನ್ನು ಕೆಳಗಿಟ್ಟು ಮತ್ತೆ ಹೇಳಿದರು. "ಇನ್ನೊಂದು. ಅವ್ರು ಬಂದ್ರೆ ಗೋಡೆ ಮಾತ್ರ ನೋಡಲ್ಲ. ಟೇಪ್ ಹಿಡೀತಾರೆ. ಗೊತ್ತಿದ್ದು ಕರೀತಾ ಇದೀರ ತಾನೇ?"

ನನಗೆ ಗೊತ್ತಿತ್ತು. ನಮ್ಮ ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರತಿ ಮನೆಯೂ ಹಿಂದಕ್ಕೆ, ಕಾಲುವೆಯ ಜಾಗಕ್ಕೆ, ಒಂದು ಹೆಜ್ಜೆ ಇಟ್ಟಿತ್ತು. ನನ್ನದು, ದಂಡೆ ಇನ್ನೂ ಕುಸಿಯದ ಮೂಲೆಯಲ್ಲಿ, ಬಚ್ಚಲು ಮತ್ತು ಬಟ್ಟೆ ಒಗೆಯುವ ಕಲ್ಲಿನ ಕಟ್ಟೆ. ಅಧ್ಯಕ್ಷರದು ಅಂಗಡಿಯ ಹಿಂದಿನ ಗೋಡೌನು, ಅಕ್ಕಿ ಮೂಟೆ ಇಡುವುದು. ನಡುವಿನ ಎರಡು ಮನೆಯವರು ಬಟ್ಟೆ ಒಣಗಿಸಲು ಕಂಬ ನೆಟ್ಟು ಶೀಟು ಇಳಿಬಿಟ್ಟಿದ್ದರು. ಅಣ್ಣನ ದಾರಿಯಲ್ಲಿ ಹೋದರೆ ಯಾರೂ ಟೇಪು ತರುವುದಿಲ್ಲ. ಮೊದಲೇ ಸನ್ಮಾನ ಮಾಡುವ ಪದ್ಧತಿಯ ನಿಜವಾದ ಗುಟ್ಟು ಅದಾಗಿತ್ತು. ಕೆಲಸ ಆಗಬೇಕು, ಅಳತೆ ಆಗಬಾರದು.

ಸಂಜೆ ಅಂಗಡಿಗೆ ಹೋಗಿ, ಶನಿವಾರದ ಸಭೆಗೆ ಹೋಗುತ್ತೇನೆ ಎಂದು ಅಧ್ಯಕ್ಷರಿಗೆ ಹೇಳಿದೆ. ಮರೆಮಾಡಿ ಹೋಗುವುದು ನನ್ನಿಂದ ಆಗುವುದಿಲ್ಲ. ಅವರು ಬೇಳೆ ತೂಗುತ್ತಿದ್ದರು, ತೂಗುತ್ತಲೇ ಇದ್ದರು.

"ಅಳತೆಯವರನ್ನ ಬೀದಿಗೆ ಕರ್ಕೊಂಡು ಬರ್ತೀಯಾ?"

"ಬೊಟ್ಟು ಸೀಳಿದೆ ಯಜಮಾನ್ರೇ."

"ಅಣ್ಣ ಮಾತಾಡ್ತಾರೆ ಅಂದ್ನಲ್ಲ. ಸ್ವಲ್ಪ ತಾಳ್ಮೆ ಇರ್ಲಿ."

"ನಂಗಿದೆ ತಾಳ್ಮೆ. ಗೋಡೆಗಿಲ್ಲ."

ಗಿರಾಕಿಗೆ ಬೇಳೆ ಕೊಟ್ಟು ಕಳಿಸಿ ನನ್ನ ಕಡೆ ನೋಡಿದರು. "ಈ ಸೈಟು ನಿಂಗೆ ಕೊಡಿಸಿದ್ದು ಯಾರು?"

"ನೀವೇ."

"ಮೊದಲನೇ ಕೆಲಸ ಯಾರ ಮನೇಲಿ ಮಾಡ್ದೆ?"

"ನಿಮ್ಮ ಮನೇಲೇ. ಈ ಅಂಗಡಿಗೆ ನೆಲ ಹಾಕಿದ್ದು ನಾನೇ. ನಾನೇನು ಮರೆತಿಲ್ಲ."

"ಮರೆತಿಲ್ಲ ಅಂದ್ರೆ ಶನಿವಾರ ಮನೇಲಿ ಕೂತಿರು."

ಮನೆಗೆ ಬಂದು ಊಟಕ್ಕೆ ಕೂತು ನಡೆದದ್ದು ಹೇಳಿದೆ. ಹೆಂಡತಿ ಎಲ್ಲ ಕೇಳಿಸಿಕೊಂಡಳು. ಅವಳಿಗೆ ಆ ಬಚ್ಚಲೆಂದರೆ ಪ್ರಾಣ. ಹಂಡೆ ಒಲೆ ಇಟ್ಟು, ಕರಿ ಕಲ್ಲು ಹಾಕಿ, ಅವಳ ಎತ್ತರಕ್ಕೆ ಅಳೆದು ಕಟ್ಟಿಕೊಟ್ಟಿದ್ದೆ. ಬಾಡಿಗೆ ಮನೆಗಳಲ್ಲಿ ಬೇರೆಯವರ ಸರದಿ ಕಾದು ಸ್ನಾನ ಮಾಡಿದವಳು ಅವಳು. ಅವಳು ಬೇಡ ಎಂದಿದ್ದರೆ ನಾನು ಹೋಗುತ್ತಿರಲಿಲ್ಲ.

"ಹೋಗ್ರೀ. ಮನೆ ಬಿದ್ದ ಮೇಲೆ ಬಚ್ಚಲು ಇಟ್ಕೊಂಡು ಏನ್ ಮಾಡಣ" ಎಂದಳು. ಸಾರು ಬಡಿಸುವ ನೆಪದಲ್ಲಿ ಆ ಕಡೆ ತಿರುಗಿದಳು.

ಶುಕ್ರವಾರ ಮಧ್ಯಾಹ್ನದಿಂದಲೇ ಜ್ಞಾನಭಾರತಿ ಕಡೆಯಿಂದ ಮೋಡ ಕಟ್ಟಿತು. ನಾನು ಕೆಂಗೇರಿಯಲ್ಲಿ ಒಂದು ಮನೆಗೆ ಪ್ಲಾಸ್ಟರಿಂಗ್ ಮಾಡಿಸುತ್ತಿದ್ದೆ. ಕೈ ಗೋಡೆಯ ಮೇಲಿತ್ತು, ಕಣ್ಣು ಆಕಾಶದ ಮೇಲಿತ್ತು. ಆಳುಗಳಿಗೆ ಹೇಳಿ ಬೇಗ ಹೊರಟುಬಂದೆ. ಬಂದಾಗ ಮೊದಲ ಹನಿ ಬೀಳುತ್ತಿತ್ತು. ಹಿತ್ತಿಲ ದಂಡೆಯಲ್ಲಿ ಹಸಿ ಮಣ್ಣು ಬಾಯಿ ತೆರೆದುಕೊಂಡಿತ್ತು. ಮುಚ್ಚಲು ಮನೆಯಲ್ಲಿ ಟಾರ್ಪಾಲು ಇರಲಿಲ್ಲ, ಎಲ್ಲ ಕೆಂಗೇರಿಯ ಸೈಟಿನಲ್ಲಿ ಸಿಮೆಂಟಿನ ಮೇಲಿತ್ತು. ಮನೆ ಮುಂದಕ್ಕೆ ಓಡಿಬಂದು ತಲೆ ಎತ್ತಿ ನೋಡಿದರೆ ಕಂಬದ ಮೇಲೆ ಅಣ್ಣ ಪೇಟ ತೊಟ್ಟು ನಗುತ್ತಿದ್ದರು.

ಏಣಿ ಹಾಕಿ ಹಗ್ಗ ಕೊಯ್ದೆ. ಅಂಗಡಿಯಿಂದ ಅಧ್ಯಕ್ಷರು ನೋಡುತ್ತಿದ್ದರು. "ಲೇ, ಅದನ್ಯಾಕೋ ಬಿಚ್ತಾ ಇದೀಯ" ಎಂದು ಕೂಗಿದರು. ಉತ್ತರ ಕೊಡುವಷ್ಟು ಪುರುಸೊತ್ತು ನನಗಿರಲಿಲ್ಲ. ನಾನೂ ಹೆಂಡತಿಯೂ ಫ್ಲೆಕ್ಸನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ದಂಡೆಯ ಮೇಲೆ ಹಾಸಿ, ಅಂಚಿಗೆ ಸೈಜುಗಲ್ಲು ಹೇರಿದೆವು. ಮಳೆ ಜೋರಾಯಿತು. ನೀರು ಅಕ್ಷರಗಳ ಮೇಲೆ ಹರಿದು ಕಾಲುವೆಗೆ ಬಿತ್ತು. ಕೆಳಗಿನ ಸಾಲಿನಲ್ಲಿ ನಾನು ಮಳೆಗೆ ಮುಖ ಕೊಟ್ಟು ಕೈ ಮುಗಿದುಕೊಂಡು ಮಲಗಿದ್ದೆ.

ಅವತ್ತಿನ ಮಟ್ಟಿಗೆ ಮಣ್ಣು ನಿಂತಿತು.

ಶನಿವಾರದ ಸಭೆಗೆ ಬಂದಿದ್ದವರು ಕಡಿಮೆ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹೆಚ್ಚಿನವು ಖಾಲಿ. ಇಷ್ಟು ಸುಲಭವಾಗಿ ಬಂದು ಕೂರಬಹುದಾಗಿದ್ದ ಜಾಗಕ್ಕೆ ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಒಂದು ಕ್ಷಣ ಆಶ್ಚರ್ಯವಾಯಿತು. ಮುಂದಿನ ಸಾಲಿನಲ್ಲಿ ಅಣ್ಣ, ಅವರ ಹಿಂದೆ ಅಧ್ಯಕ್ಷರು. ಅಧ್ಯಕ್ಷರು ನನ್ನನ್ನು ನೋಡಿ ಮುಖ ತಿರುಗಿಸಿದರು. ಮೇಡಂ ಪಕ್ಕದಲ್ಲಿ ಕನ್ನಡಕದವರೊಬ್ಬರು ಕೂತಿದ್ದರು, ಅವರೇ ರಾಜಕಾಲುವೆಯ ಇಂಜಿನಿಯರು. ಮೊದಲು ಬೀದಿ ನಾಯಿಯ ವಿಷಯ ಬಂತು, ಆಮೇಲೆ ಕಸದ ಗಾಡಿ ಬರುವ ಹೊತ್ತು, ಆಮೇಲೆ ಪಾರ್ಕಿನ ಬೀಗ. ನಾಲ್ಕು ಅಂತಸ್ತಿನ ಸಾರುವೆಯ ಮೇಲೆ ನಿಂತು ಕೆಲಸ ಮಾಡಿದವನು ನಾನು. ಆ ಕುರ್ಚಿಯಿಂದ ಏಳುವುದು ಅದಕ್ಕಿಂತ ಎತ್ತರ ಎನ್ನಿಸಿತು.

"ಬೇರೆ ಯಾರಾದ್ರೂ ಹೇಳೋದು ಇದೆಯಾ?" ಎಂದರು ಮೇಡಂ, ನನ್ನ ಕಡೆ ನೋಡದೆ.

ಎದ್ದು ನಿಂತೆ. ಹೆಂಡತಿ ಹೇಳಿಕೊಟ್ಟಿದ್ದ ಮಾತೆಲ್ಲ ಮರೆತುಹೋಗಿತ್ತು.

"ನಮ್ಮ ಬೀದೀಲಿ ತಡೆಗೋಡೆ ಆಗಿದೆ ಅಂತ ಬೋರ್ಡ್ ಹಾಕಿದ್ವಿ. ಆಗಿಲ್ಲ. ಬೋರ್ಡ್ ಸುಳ್ಳು. ನನ್ನ ಮನೆ ಪಾಯ ಕಾಣ್ತಿದೆ. ಈ ಮಳೆಗಾಲ ನಿಲ್ಲಲ್ಲ. ಇದನ್ನ ಬರ್ಕೋಬೇಕು."

ಅಣ್ಣ ಕುರ್ಚಿಯಲ್ಲೇ ಅರ್ಧ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಭಯವಾದದ್ದು.

"ಏನ್ ಮೇಸ್ತ್ರಿ, ಪೇಟ ನೀನೇ ತೊಡಿಸಿದ್ದಲ್ಲಪ್ಪ."

ಹಿಂದೆ ಯಾರೋ ನಕ್ಕರು.

"ಹೌದಣ್ಣ, ನಾನೇ ತೊಡಿಸಿದ್ದು. ಪೇಟ ನಿಮ್ಮ ಹತ್ರನೇ ಇರ್ಲಿ, ವಾಪಸ್ ಕೇಳ್ತಾ ಇಲ್ಲ. ಗೋಡೆ ಕೇಳ್ತಾ ಇದೀನಿ."

ಈ ಸಲ ಬೇರೆಯವರು ನಕ್ಕರು. ಅಣ್ಣ ಕೈ ಎತ್ತಿ ತಡೆದರು. "ಪ್ರಯತ್ನ ಮಾಡ್ತೀನಿ ಅಂತ ಅವತ್ತೇ ಹೇಳ್ದೆ. ಬೋರ್ಡ್ ನಾನು ಹಾಕಿಸಿದ್ದಲ್ಲ. ಹಾಕಿಸ್ದೋರನ್ನ ಕೇಳಿ." ಹಾಗೆಂದವರು ಬೆನ್ನ ಹಿಂದಿದ್ದ ಅಧ್ಯಕ್ಷರ ಕಡೆ ನೋಡಲೂ ಇಲ್ಲ. ಅಧ್ಯಕ್ಷರ ಕಿವಿ ಕೆಂಪಾಯಿತು. ಅಷ್ಟು ವರ್ಷ ಯಾರ ಕುತ್ತಿಗೆಗೆ ಹಾರ ಹಾಕಿದ್ದರೋ ಅವರೇ ಒಂದು ಮಾತಿನಲ್ಲಿ ಕೈ ತೊಳೆದುಕೊಂಡಿದ್ದರು.

ಕನ್ನಡಕದ ಇಂಜಿನಿಯರು ಪೆನ್ನು ತೆರೆದರು. "ಜಾಗ ಹೇಳಿ." ಹೇಳಿದೆ. ಬರೆದುಕೊಂಡರು. ಆಮೇಲೆ ತಲೆ ಎತ್ತದೆ ಕೇಳಿದರು. "ಒತ್ತುವರಿ ಇದೆಯಾ?"

ಕಾದಿದ್ದ ಪ್ರಶ್ನೆಯೇ.

"ಇದೆ ಸಾರ್. ನನ್ನ ಬಚ್ಚಲು, ಒಗೆಯೋ ಕಟ್ಟೆ."

"ಬೇರೆಯವರದು?"

ಅಧ್ಯಕ್ಷರ ಬೆನ್ನು ನನ್ನ ಮುಂದೆಯೇ ಇತ್ತು. ಅಲುಗಾಡಲಿಲ್ಲ.

"ಬೇರೆಯವರ ಮನೆ ವಿಷಯ ನಾನು ಹೇಳಲ್ಲ ಸಾರ್. ನನ್ನ ಮನೇದು ಕೇಳಿ, ಹೇಳ್ತೀನಿ."

"ಸರಿ, ಬಂದು ನೋಡ್ತೀವಿ" ಎಂದರು. ನಡಾವಳಿಯಲ್ಲಿ ಬರೆದದ್ದನ್ನು ಮೇಡಂ ಗಟ್ಟಿಯಾಗಿ ಓದಿದರು. ಅಧ್ಯಕ್ಷರು ಸಭೆ ಮುಗಿಯುವ ಮೊದಲೇ ಎದ್ದು ಹೋಗಿದ್ದರು.

ಸೋಮವಾರ ಕನ್ನಡಕದವರು ಇಬ್ಬರನ್ನು ಕರೆದುಕೊಂಡು ಬಂದರು. ಹಿತ್ತಿಲಿಗೆ ಬಂದವರು ದಂಡೆಯ ಮೇಲೆ ಹಾಸಿದ್ದ ಫ್ಲೆಕ್ಸು ನೋಡಿ ನಿಂತರು. ಕೆಸರು ಮೆತ್ತಿದ ಅಣ್ಣ, ಅವರ ತಲೆಯ ಮೇಲೆ ತಡೆಗೋಡೆ ನಿರ್ಮಿಸಿಕೊಟ್ಟ ಎಂಬ ಅಕ್ಷರ, ಅದರ ಕೆಳಗೆ ಇಲ್ಲದ ಗೋಡೆ. "ಇದೇನಾ ಆ ಬೋರ್ಡು" ಎಂದರು. "ಸದ್ಯಕ್ಕೆ ಇದೇ ಸಾರ್ ತಡೆಗೋಡೆ" ಎಂದೆ. ಅವರ ಜೊತೆ ಬಂದವನೊಬ್ಬ ನಗು ತಡೆಯಲು ಮುಖ ಆ ಕಡೆ ಮಾಡಿಕೊಂಡ.

ಆಮೇಲೆ ನಗು ಉಳಿಯಲಿಲ್ಲ. ಕಾಲುವೆಯ ನಡುವಿನಿಂದ ಟೇಪು ಹಿಡಿದು ಸಾಲಿನುದ್ದಕ್ಕೂ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ನನ್ನ ಬಚ್ಚಲಿನ ಒಳಗೆ ಒಂದು ಗುರುತು ಬಿತ್ತು, ಹಂಡೆಯ ಪಕ್ಕಕ್ಕೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಅಂಗಡಿಯ ಗೋಡೌನಿನ ಗೋಡೆಯ ಮೇಲೂ ಒಂದು ಬಿತ್ತು.

"ತುರ್ತು ಕೆಲಸ ಅಂತ ತಗೋತೀವಿ" ಎಂದರು ಇಂಜಿನಿಯರು. "ಮೊದಲು ಮರಳು ಚೀಲ ಒಟ್ಟಿ ದಂಡೆ ನಿಲ್ಲಿಸ್ತೀವಿ, ಆಮೇಲೆ ಕಾಂಕ್ರೀಟ್ ಗೋಡೆ. ಆದ್ರೆ ಜೆಸಿಬಿ ಮಿಷನ್ ಬರಕ್ಕೆ ದಾರಿ ಬೇಕಲ್ಲ. ಅದು ಮೂಲೆ ಕಡೆಯಿಂದ ದಂಡೆ ಮೇಲೇ ಬರ್ಬೇಕು. ಆ ಗೋಡೌನ್ ಅಡ್ಡ ಇದೆ, ನಿಮ್ಮ ಬಚ್ಚಲು ಅಡ್ಡ ಇದೆ. ನೋಟಿಸ್ ಕೊಟ್ಟು ನಾವೇ ತೆಗೆಸ್ಬೇಕು ಅಂದ್ರೆ ಅದಕ್ಕೊಂದು ಕ್ರಮ ಇದೆ, ಕಾಲ ಹಿಡಿಯತ್ತೆ. ಅಷ್ಟರಲ್ಲಿ ಮಳೆ ಬಂದಿರತ್ತೆ."

"ನಾವೇ ತೆಗೆದ್ರೆ?"

"ನೀವೇ ತೆಗೆದ್ರೆ ಆ ವಾರವೇ ಮಿಷನ್ ಕಳಿಸ್ತೀನಿ."

ಅವರು ಹೋದರು. ನನ್ನ ಮನೆ ಉಳಿಯುವುದು ಈಗ ಅಕ್ಕಿ ಮೂಟೆಯ ಗೋಡೌನಿನ ಮೇಲೆ ನಿಂತಿತ್ತು. ಅಧ್ಯಕ್ಷರು ನನ್ನ ಜೊತೆ ಮಾತು ಬಿಟ್ಟಿದ್ದರು. ಅಂಗಡಿಗೆ ಹೋದರೆ ಬೇರೆ ಗಿರಾಕಿಯ ಕಡೆ ತಿರುಗುತ್ತಿದ್ದರು. ನಡುವಿನ ಮನೆಯವರು ಶೀಟು ಬಿಚ್ಚಿಕೊಂಡರು, ಆದರೆ ಬೀದಿಯಲ್ಲಿ ನನ್ನ ಮುಖಕ್ಕೇ ಹೇಳಿದರು. "ಏನಣ್ಣ, ನಿನ್ನ ಒಂದು ಬಿರುಕಿಗೆ ಎಲ್ಲರ ಬೆನ್ನಿಗೂ ಕೆಂಪು ಬಳಿಸಿದ್ಯಲ್ಲ." ಹಾಲು ಹಾಕುವವನೂ ಗೇಟಿನ ಹೊರಗೇ ಇಟ್ಟು ಹೋಗತೊಡಗಿದ.

ಗೋಡೌನಿನ ಕೆಂಪು ಗುರುತು ಹಾಗೇ ಇತ್ತು. ಮೋಡ ದಿನಾ ಸಂಜೆ ಬಂದು ಹೋಗುತ್ತಿತ್ತು. ಕಾಲಿಗೆ ಬೀಳಲೇ ಎಂದು ಯೋಚಿಸಿದೆ. ಅದು ನನ್ನಿಂದ ಆಗುವ ಕೆಲಸವಲ್ಲ. ನನಗೆ ಆಗುವ ಕೆಲಸ ಒಂದೇ ಇತ್ತು. ಒಂದು ಬೆಳಿಗ್ಗೆ ಉಳಿ, ಸುತ್ತಿಗೆ, ಹಾರೆ ತೆಗೆದುಕೊಂಡು ಬಚ್ಚಲಿಗೆ ಹೋದೆ. ಹೆಂಡತಿ ಕೊನೆಯ ಸಲ ಒಲೆ ಹಚ್ಚಿ ಸ್ನಾನ ಮಾಡಿ, ಹಂಡೆ ಎತ್ತಿ ಹೊರಗಿಟ್ಟಿದ್ದಳು. ಕಲ್ಲು ಇನ್ನೂ ಬೆಚ್ಚಗಿತ್ತು.

ಕಟ್ಟಿದವನಿಗೆ ಒಡೆಯುವುದು ಸುಲಭ ಎನ್ನುತ್ತಾರೆ. ಸುಲಭವಲ್ಲ. ಯಾವ ಕಲ್ಲಿಗೆ ಎಷ್ಟು ಗಾರೆ ಕೊಟ್ಟಿದ್ದೆ ಎಂದು ಕೈಗೆ ನೆನಪಿರುತ್ತದೆ. ನಾನು ಗಟ್ಟಿಯಾಗಿ ಕಟ್ಟುವವನು. ಒಡೆಯುವಾಗ ಅದು ನನಗೇ ತಿರುಗಿ ನಿಂತಿತು. ಸುತ್ತಿಗೆಯ ಸದ್ದು ಸಾಲಿನುದ್ದಕ್ಕೂ ಕೇಳಿಸಿರಬೇಕು. ಒಬ್ಬೊಬ್ಬರೇ ಹಿತ್ತಿಲಿಗೆ ಬಂದು ನಿಂತರು. ಬಿಸಿಲು ಏರುವ ಹೊತ್ತಿಗೆ ಒಗೆಯುವ ಕಲ್ಲು ಎತ್ತಿ ಪಕ್ಕಕ್ಕೆ ಹೊರಳಿಸಿ ನೆಟ್ಟಗಾದಾಗ ದಂಡೆಯ ಆ ತುದಿಯಲ್ಲಿ ಅಧ್ಯಕ್ಷರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಹತ್ತಿರ ಬಂದು, ಒಡೆದ ಗೋಡೆಯ ಅಂಚಿಗೆ ಕೈಯಾಡಿಸಿದರು. ಅಂಚು ದಾರ ಹಿಡಿದ ಹಾಗೆ ನೇರವಿತ್ತು. ಮನೆಯ ಗೋಡೆಗೆ ಒಂದು ಗೀರೂ ಬಿದ್ದಿರಲಿಲ್ಲ.

"ಸಭೇಲಿ ನನ್ನ ಹೆಸ್ರು ಹೇಳ್ಬಹುದಿತ್ತು ನೀನು."

"ಹೇಳಲ್ಲ ಅಂತ ನಿಮಗೆ ಗೊತ್ತಿತ್ತಲ್ಲ ಯಜಮಾನ್ರೇ."

"ಗೊತ್ತಿರ್ಲಿಲ್ಲ ಕಣಯ್ಯ" ಎಂದರು. "ಗೋಡೌನಿಗೂ ನೀನೇ ಬಾ. ಮೂಟೆ ಎಲ್ಲ ಒಳಗಿಡ್ಸಿರ್ತೀನಿ. ಹೊರಗಿನವರಾದ್ರೆ ಅಂಗಡಿ ಗೋಡೆನೂ ಅಲ್ಲಾಡಿಸಿಬಿಡ್ತಾರೆ. ಕೂಲಿ ತಗೋಬೇಕು, ಈಗ್ಲೇ ಹೇಳಿದೀನಿ."

ಕೂಲಿ ತೆಗೆದುಕೊಂಡೆ. ತೆಗೆದುಕೊಳ್ಳದಿದ್ದರೆ ಅವರಿಗೆ ಅವಮಾನ.

ಇಂಜಿನಿಯರು ಹೇಳಿದ ಹಾಗೆ ಮಿಷನ್ ಬಂತು. ಕೆಸರಿನ ದಂಡೆಯ ಮೇಲೆ ಅದರ ಚಕ್ರಕ್ಕೆ ಹಿಡಿತ ಸಿಗದಿದ್ದಾಗ, ಡ್ರೈವರ್ ನಮ್ಮ ಫ್ಲೆಕ್ಸನ್ನೇ ಎಳೆದು ಚಕ್ರದ ಕೆಳಗೆ ಹಾಕಿಕೊಂಡ. ಅಧ್ಯಕ್ಷರು ನೋಡಿಯೂ ನೋಡದ ಹಾಗೆ ನಿಂತಿದ್ದರು. ಮರಳು ಚೀಲ ಒಟ್ಟಿದರು. ಗೋಡೆಗೆ ಕಂಬಿ ಕಟ್ಟುವಾಗ ನಾನು ಕೆಲಸಕ್ಕೆ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದೆ. ಒಂದು ಕಡೆ ಕಾಂಕ್ರೀಟು ಸರಿಯಾಗಿ ಇಳಿದಿಲ್ಲ ಎನ್ನಿಸಿದಾಗ ಕೂಗಾಡಲಿಲ್ಲ. ಯಾರಿಗೆ ಹೇಳಬೇಕು ಎಂದು ಈಗ ಗೊತ್ತಿತ್ತು. ಮೇಡಂ ಕೊಟ್ಟಿದ್ದ ನಂಬರಿಗೆ ಹೆಂಡತಿ ಫೋಟೋ ಕಳಿಸಿದಳು. ಮಾರನೆಯ ದಿನ ಕನ್ನಡಕದವರು ಬಂದು ಗುತ್ತಿಗೆದಾರನಿಂದ ಅದನ್ನು ಮತ್ತೆ ಮಾಡಿಸಿದರು. ಮುಂದಿನ ತಿಂಗಳ ಸಭೆಗೂ ಹೋದೆ. ಅವತ್ತು ಅಧ್ಯಕ್ಷರೂ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಅಂಗಡಿ ಮುಂದಿನ ಚರಂಡಿಯ ವಿಷಯ ಎದ್ದು ನಿಂತು ಹೇಳಿದರು. ಕೂತ ಮೇಲೆ, "ಹಾರ ಇಲ್ದೆ ಕೇಳೋದು ಒಂಥರಾ ಬರಿಗೈಲಿ ಮದುವೆಗೆ ಹೋದಂಗಿರತ್ತೆ ಕಣೋ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಮುಂಗಾರು ತಡವಾಗಿ ಬಂದರೂ ಜೋರಾಗಿ ಬಂತು. ಮೊದಲ ದೊಡ್ಡ ಮಳೆಯ ಸಂಜೆ ಕಾಲುವೆ ತುಂಬಿ, ಕಂದು ನೀರು ಹೊಸ ಗೋಡೆಯ ಅರ್ಧಕ್ಕೆ ಹೊಡೆಯುತ್ತಿತ್ತು. ಅಧ್ಯಕ್ಷರು ಛತ್ರಿ ಹಿಡಿದುಕೊಂಡು ಕೇಳದೆ ಒಳಗೆ ಬಂದು ಹಿಂದಿನ ಕೋಣೆಯಲ್ಲಿ ನನ್ನ ಪಕ್ಕ ನಿಂತರು. ಹಳೆಯ ಬೊಟ್ಟಿನ ಕೆಳಗೆ ನಾನು ಹೊಸದೊಂದು ಇಟ್ಟಿದ್ದೆ. ಹೆಂಡತಿ ಟಾರ್ಚ್ ಹಿಡಿದಳು. ಮೂವರೂ ಅದನ್ನೇ ನೋಡುತ್ತ ನಿಂತೆವು. ಹೊರಗೆ ನೀರಿನ ಸದ್ದಿಗೆ ಒಬ್ಬರ ಉಸಿರು ಒಬ್ಬರಿಗೆ ಕೇಳಿಸುತ್ತಿರಲಿಲ್ಲ.

ಮಳೆ ನಿಂತ ಮೇಲೆ ಬೊಟ್ಟಿನ ಮೇಲೆ ಹೆಬ್ಬೆರಳು ಇಟ್ಟು ಸವರಿದೆ. ನುಣ್ಣಗಿತ್ತು. ಹೆಂಡತಿ ಟಾರ್ಚ್ ಆರಿಸಿ, ಕಾಫಿ ಇಡಲು ಹೋದಳು. ಅಲ್ಲಿಂದಲೇ, "ರೀ, ಬಚ್ಚಲು ಈ ಸಲ ಮನೆ ಮುಂದೆ ಕಟ್ರಿ, ಅಳತೆ ನೋಡ್ಕೊಂಡು" ಎಂದಳು.